ಮದ್ದು ಬೀಳದ ಸಾಲುಗಳು

ಜ್ವರ ಬಿಟ್ಟು ಎದ್ದು, ಎರಡು ವಾರದ ಮೇಲೆ ಚಹಾ ತೋಟಕ್ಕೆ ಬಂದವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಐದು ವರ್ಷದಿಂದ ಒಂದು ಹನಿ ಕೀಟನಾಶಕವನ್ನೂ ಸೋಕಿಸದೆ ಕಾದುಕೊಂಡಿದ್ದ ನಾಲ್ಕು ಸಾಲು ಗಿಡಗಳು ಮೈತುಂಬ ಚಿಗುರಿ ನಿಂತಿದ್ದವು. ಹಾಸಿಗೆ ಹಿಡಿಯುವ ಮುಂಚೆ ನೋಡಿದಾಗ, ಕೆಂಪು ನುಸಿ ರಸ ಹೀರಿ ಹೀರಿ ಅವುಗಳ ಎಲೆ ತುಕ್ಕು ಹಿಡಿದ ತಗಡಿನಂತಾಗಿತ್ತು.

ತೋಟದಲ್ಲಿ ಅವಳಿಗೆ ಹುಳದಕ್ಕ ಎಂದೇ ಹೆಸರು. ಎಲ್ಲರೂ ಹುಳ ಕೊಂದು ಸಂಬಳ ತಿಂದರೆ ಇವಳೊಬ್ಬಳು ಹುಳ ಸಾಕಿ ತಿನ್ನುತ್ತಾಳೆ ಎಂಬುದು ಅವಳು ಕೆಲಸ ಮಾಡುವ ಸಂಶೋಧನಾ ಕೇಂದ್ರದ ಹಳೆಯ ತಮಾಷೆ. ಅವಳು ನಂಬಿದ್ದು ಇಷ್ಟೇ. ಮದ್ದು ನಿಲ್ಲಿಸಿದರೆ ಮೊದಮೊದಲು ನುಸಿ ಮೆರೆಯುತ್ತದೆ. ಹಲ್ಲು ಕಚ್ಚಿ ತಡೆದುಕೊಂಡರೆ ನುಸಿಯನ್ನು ತಿನ್ನುವ ಜೇಡ, ಗುಲಗಂಜಿ ಹುಳ ತಾವಾಗಿಯೇ ಮರಳುತ್ತವೆ. ಜ್ವರ ಬರುವ ಹಿಂದಿನ ವಾರವಷ್ಟೇ ಸಾಸಿವೆಗಿಂತ ಚಿಕ್ಕ ಕಪ್ಪು ಗುಲಗಂಜಿ ಹುಳಗಳು ಎಲೆಯಡಿ ಮೊದಲ ಸಲ ಕಂಡಿದ್ದವು. ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟರೆ ಹಾರಿಹೋದಾವು ಎಂಬಂಥ ಹೆದರಿಕೆ. ಮನೆಯಲ್ಲೂ ಅವಳ ಮಾತು ಊಟ, ನೀರು, ಬಾಗಿಲ ಚಿಲಕ ಇಷ್ಟರಲ್ಲೇ ಮುಗಿಯುತ್ತಿತ್ತು.

ಅವು ಗೆದ್ದವು ಎಂದುಕೊಂಡಳು. ಮಂಡಿಯೂರಿ ಒಂದು ಎಲೆ ಮಗುಚಿದಳು. ನುಸಿ ಇರಲಿಲ್ಲ. ಗುಲಗಂಜಿ ಹುಳವೂ ಇರಲಿಲ್ಲ. ಇನ್ನೊಂದು ಎಲೆ, ಮತ್ತೊಂದು ಗಿಡ. ಕೊಂಬೆಗಳ ನಡುವಿನ ಬಲೆಯಲ್ಲಿ ಜೇಡಗಳು ಕಾಲು ಮುದುರಿ ನೇತಾಡುತ್ತಿದ್ದವು. ಬುಡದ ಹಳೆಯ ಎಲೆಗಳ ಮೇಲೆ ಒಣಗಿದ ಹನಿಗಳ ಬಿಳಿ ಕಲೆ.

"ಹೇಗಿದೆ ಪುಟ್ಟಿ?" ಹಿಂದಿನಿಂದ ಅಣ್ಣನ ದನಿ. ಅವನು ಇದೇ ತೋಟದಲ್ಲಿ ಮದ್ದು ಹೊಡೆಸುವ ಮೇಸ್ತ್ರಿ. "ಇವತ್ತು ನಿಮ್ಮ ಡೈರೆಕ್ಟರ್ ಬಂದು ಮೂಗಿನ ಮೇಲೆ ಬೆರಳಿಡ್ಬೇಕು, ನೋಡ್ತಿರು."

"ಯಾರು ಹೊಡೆದಿದ್ದು?"

"ನಾನೇ. ಆಳುಗಳಿಗೆ ಬಿಟ್ರೆ ಅರೆಬರೆ ಮಾಡ್ತಾರೆ. ಜೊತೆಗೆ ಯೂರಿಯಾ ನೀರನ್ನೂ ಕೊಟ್ಟೆ. ನೀನು ಜ್ವರದಲ್ಲಿ 'ಸಾಲು, ಸಾಲು' ಅಂತ ಕನವರಿಸ್ತಿದ್ದೆ. ಹುಡುಗಿ ಈ ಕೊರಗಲ್ಲೇ ಹೋಗಿಬಿಡ್ತಾಳೆ, ಏನಾದ್ರೂ ಮಾಡಿ ಅಂತ ನಿಮ್ಮತ್ತಿಗೆ ಒಂದೇ ಸಮ ಪ್ರಾಣ ತಿಂದ್ಲು."

"ಮದ್ದು ಹೊಡೀಬೇಡಿ ಅಂತ ಹಲಗೆ ಇತ್ತಲ್ಲ ಅಣ್ಣ."

"ಹಲಗೆ ಇರೋದು ಆಳುಗಳಿಗೆ. ನಾನು ನಿನ್ನ ಅಣ್ಣ ಕಣೇ. ಊರಿಗೆಲ್ಲ ಮದ್ದು ಹೊಡೀತಾನೆ, ತಂಗಿ ಗಿಡಕ್ಕೆ ಮಾತ್ರ ಇಲ್ಲ ಅಂತ ನನ್ನೆದುರೇ ಆಡ್ಕೊಳ್ತಿದ್ರು."

"ಅವು ಬಂದಿದ್ವು," ಅಂದಳು.

"ಯಾವು?"

ಅವಳು ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಇಳಿದುಹೋಯಿತು.

"ಒಂದು ಮಾತು ಹೇಳಬಾರದಿತ್ತಾ? ಒಂದೇ ಮನೇಲಿ ಇದ್ದೀವಲ್ಲೇ."



ಅಷ್ಟರಲ್ಲಿ ಸಂಶೋಧನಾ ಕೇಂದ್ರದ ಜೀಪು ಬಂತು. ನಿರ್ದೇಶಕರು ಇಳಿದವರೇ ಸಾಲಿನುದ್ದಕ್ಕೂ ಕಣ್ಣಾಡಿಸಿದರು. "ಶಭಾಷ್! ಸತ್ಯ ಹೇಳ್ತೀನಿ, ಇವತ್ತು ಈ ಪ್ರಯೋಗ ಮುಚ್ಚಿಸೋಣ ಅಂತಲೇ ಬಂದಿದ್ದೆ. ಮದ್ದಿಲ್ಲದೆ ಈ ಚಿಗುರಾ? ಮುಂದುವರಿಸಿ, ಯಾರು ತಡೀತಾರೋ ನಾನೂ ನೋಡ್ತೀನಿ."

ಅಣ್ಣ ಅವರ ಬೆನ್ನ ಹಿಂದೆ ನಿಂತು, ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡ. ಒಂದು 'ಹೂಂ' ಅಂದರೆ ಸಾಲುಗಳು ಉಳಿಯುತ್ತವೆ. ಮುಂದೊಂದು ವರ್ಷ ಹುಳಗಳು ಮರಳಿಯೂ ಬರಬಹುದು. ಆದರೆ ಈ ಹಸಿರನ್ನು ನಂಬಿ ಇನ್ಯಾರೋ ತಮ್ಮ ತೋಟಕ್ಕೆ ಮದ್ದು ನಿಲ್ಲಿಸಿ, ಗಿಡ ತುಕ್ಕಾಗುವುದನ್ನು ನೋಡುತ್ತ ಕೂರುತ್ತಾರೆ.

"ಸರ್, ಇವಕ್ಕೆ ಮದ್ದು ಬಿದ್ದಿದೆ."

"ಏನಂದ್ರಿ? ಯಾರು ಹೊಡೆದ್ರು?"

ಅವಳು ನೆಲ ನೋಡಿದಳು. "ನಾನು ಸಾರ್," ಎಂದು ಅಣ್ಣ ಮುಂದೆ ಬಂದ. "ತಪ್ಪು ನಂದು. ಅವಳಿಗೆ ಗೊತ್ತೇ ಇರ್ಲಿಲ್ಲ."

ನಿರ್ದೇಶಕರು ಇಬ್ಬರನ್ನೂ ನೋಡಿ ನಕ್ಕುಬಿಟ್ಟರು. ಆ ನಗುವಿನಲ್ಲಿ ಕೊಂಕಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನೋಡಮ್ಮ, ನಿಮ್ಮ ಅಣ್ಣಂಗೇ ತಡ್ಕೊಳ್ಳೋಕಾಗ್ಲಿಲ್ಲ. ಇನ್ನು ಹೊಟ್ಟೆಪಾಡಿಗೆ ತೋಟ ಮಾಡೋರು ತಡ್ಕೊಳ್ತಾರಾ? ಐದು ವರ್ಷಕ್ಕೆ ಗಟ್ಟಿಯಾಗಿ ಸಿಕ್ಕ ಫಲಿತಾಂಶ ಅಂದ್ರೆ ಇದೊಂದೇ." ಜೀಪು ಹತ್ತುತ್ತ ತಿರುಗಿದರು. "ಮೇಸ್ತ್ರಿ, ಮುಂದಿನ ಸುತ್ತಿನಿಂದ ಇವನ್ನೂ ಸೇರಿಸ್ಕೊಂಡು ಹೊಡೀರಿ."

ಜೀಪಿನ ಸದ್ದು ಅಡಗಿತು.

"ಬೈದಾದ್ರೂ ಬೈಯೇ," ಅಂದ ಅಣ್ಣ.

ಬೈಯಬೇಕೆಂದು ಅವಳಿಗೂ ಅನ್ನಿಸಿತು. ಬೈಯದೆ, ಬಲೆಯಲ್ಲಿ ನೇತಾಡುತ್ತಿದ್ದ ಜೇಡವೊಂದನ್ನು ಬಿಡಿಸತೊಡಗಿದಳು. ಅವನು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಮಗುಚತೊಡಗಿದ. ಅವನದು ಮದ್ದಿಗೆ ಸಿಪ್ಪೆಯೆದ್ದ ಒರಟು ಬೆರಳು. ಎಲೆಗಳು ಮುರಿದು ಉದುರುತ್ತಿದ್ದವು. ಒಂದು ಗಿಡ ಮುಗಿಸಿ ಮುಂದಿನದಕ್ಕೆ ಸರಿದ. ಕೊನೆಗೆ ಏನೋ ಹೆಕ್ಕಿ, ಎದ್ದು ಬಂದು ಅಂಗೈ ಚಾಚಿದ.

"ಇದಾ ನೋಡು ಪುಟ್ಟಿ?"

ಅವಳು ಬಗ್ಗಿ ನೋಡಿದಳು.

"ಅಲ್ಲ. ಮಣ್ಣು."

ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಕೂತ.