ಮಾವನ ಎಡ ಅಂಗೈ

ನರೋಣಾದ ನಮ್ಮ ಸೋದರಮಾವ ಮಡಿವಾಳಪ್ಪನವರಿಗೆ ಅವರ ಹೆಂಡತಿ, ನಮ್ಮ ಅತ್ತೆ ಸುಭದ್ರಾಬಾಯಿ ತಮ್ಮದೊಂದು ಕಿಡ್ನಿ ಕೊಟ್ಟಿದ್ದರು. ಕಿಡ್ನಿ ಹೊಂದಿಕೊಂಡಿತು. ಆದರೆ ಆಸ್ಪತ್ರೆಯಲ್ಲಿದ್ದಾಗಲೇ ಕರುಳಿಗೆ ಸೋಂಕು ತಗುಲಿ ಭೇದಿ ಹಿಡಿಯಿತು. ಔಷಧಿಗೆ ನಿಲ್ಲುವುದು, ಮತ್ತೆ ಮರಳುವುದು.

“ಮೈಯಾಗಿನ ನೀರು ಹಿಂಗ ಹೋದ್ರ ಕಿಡ್ನಿ ಉಳಿಯೋದು ಕಷ್ಟ ಅದರಿ,” ಎಂದು ಡಾಕ್ಟರ್ ವಂದನಾ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಜೇವರ್ಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಅವರು ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಳಗೆ ಮಾವ ಪೂಜೆಗೆ ಅಣಿಯಾಗುತ್ತಿದ್ದರು. ಎಡಗೈಯ ಹಿಂಬದಿಗೆ ಸಲೈನಿನ ಸೂಜಿ, ಅದರ ಸುತ್ತ ಪಟ್ಟಿ; ನೆನೆಯಬಾರದೆಂದು ಆ ಕೈ ತೊಳೆಯುವಂತಿರಲಿಲ್ಲ. ಅತ್ತೆ ಸ್ಯಾನಿಟೈಜರ್ ಸುರಿದು ಆ ಅಂಗೈಯನ್ನು ಮಗುವಿನ ಕೈಯೆಂಬಂತೆ ಉಜ್ಜಿದರು. ಮಾವ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅದೇ ಅಂಗೈಯಲ್ಲಿಟ್ಟರು. ವಿಭೂತಿ ಹಚ್ಚಿ, ಪಟ್ಟಿಗೆ ತಾಗದಂತೆ ನಾಲ್ಕು ಹನಿ ನೀರೆರೆದರು. ಅಂಗೈಯಲ್ಲಿ ನಿಂತ ಪಾದೋದಕವನ್ನು ಬಗ್ಗಿ ಕುಡಿದರು.

ಶೌಚಕ್ಕೆ ಹೋದಾಗ ಕಾಗದ ಹಿಡಿದು ಒರೆಸಿಕೊಂಡ ಕೈಯೂ ಅದೇ. ಹೇಗೆ ಹೇಳಲಿ?

“ಮಾವ, ಊರಾಗ ಜಳಕ ಮಾಡಲಾರ್ದ ಲಿಂಗ ಹಿಡೀತಿದ್ರೇನ್ರಿ?”

“ಹುಚ್ಚಿ! ಹೆಂಗ ಹಿಡೀತಾರ ಬೇ?”

“ಮತ್ತ ಇಲ್ಲಿ?”

“ನೀರಕಿಂತ ಜೋರದ್ದು ಹಚ್ಚಾಕತ್ತೇನಲ್ಲ,” ಎಂದರು ಅತ್ತೆ. “ಎಲ್ಲಾ ಹುಳ ಸಾಯ್ತಾವಂತ ಬಾಟ್ಲಿ ಮ್ಯಾಲ ಬರದದ.”

“ಈ ಭೇದಿ ಹುಳ ಸಾಯಂಗಿಲ್ಲ, ಅತ್ತಿ. ತೊಗರಿ ಬೀಜದಂಗ ಗಟ್ಟಿ ಸಿಪ್ಪಿ ಹೊದ್ಕೊಂಡು ಮಲಗ್ತದ. ಹೊಟ್ಟಿಗೆ ಹೋದ ಮ್ಯಾಲ ಮೊಳಕಿ ಒಡೀತದ.”

“ಸಾಬೂನಿಗಿ ಸಾಯ್ತದೇನು?” ಮಾವ ಕೇಳಿದರು.

“ಅದಕ್ಕೂ ಸಾಯಂಗಿಲ್ಲ. ನೀರಿನ ಜೋಡಿ ಜಾರಿ ಹೋಗ್ತದ, ಅಷ್ಟ.”

ಅತ್ತೆ ಸ್ಯಾನಿಟೈಜರ್ ಬಾಟಲಿಯನ್ನು ದೂರ ಸರಿಸಿದರು. “ನನ್ನ ಕೈಯಾರೆ ನಾನೇ...”

“ಸುಮ್ನಿರು ಬೇ,” ಮಾವ ಗದರಿದರು. “ಕೊಟ್ಟ ಕಿಡ್ನಿ ವಾಪಸ್ ಇಸ್ಕೊಳ್ಳೋ ಆಲೋಚನಿ ಇತ್ತೇನು?” ಅತ್ತೆ ಅಳುತ್ತಲೇ ನಕ್ಕರು.

ನಾನು ಹೋಗಿ ಹೇಳಿದ ಮೇಲೆ ಡಾಕ್ಟರ್ ಸೂಜಿಯನ್ನು ಬಲ ಮುಂದೋಳಿಗೆ ಬದಲಿಸಿದರು. ಕೋಣೆಯನ್ನು ಬ್ಲೀಚಿಂಗ್ ನೀರಿನಿಂದ ಒರೆಸಿಸಿದರು. ಔಷಧಿ ಮತ್ತೆ ಮೊದಲಿನಿಂದ ಶುರುವಾಯಿತು. ಮಾವ ಸಾಬೂನು ಹಚ್ಚಿ ಮೊದಲು ಕೈ ತೊಳೆದರು, ಆಮೇಲೆ ಲಿಂಗವನ್ನೂ ಕರಡಿಗೆಯನ್ನೂ ತೊಳೆದರು. ಪೂಜೆ ತಪ್ಪಲಿಲ್ಲ. ಭೇದಿ ನಿಂತಿತು, ಈ ಸಲ ಮರಳಲಿಲ್ಲ.

ಮೊನ್ನೆ ನರೋಣಾಕ್ಕೆ ಹೋಗಿದ್ದೆ. ಹಿತ್ತಲ ನಳದ ಕೆಳಗೆ ಮಾವ ಬೆರಳ ಸಂದಿಗಳನ್ನು ತಿಕ್ಕುತ್ತಿದ್ದರು. ಅತ್ತೆ ಟವೆಲ್ ಹಿಡಿದು ಕಾದಿದ್ದರು. ಬೆಳಗಿನ ಬಿಸಿಲಲ್ಲಿ ಮಾವ ಅಂಗೈ ಬಿಡಿಸಿ ನೋಡಿದರು.

“ಅವತ್ತು ಇದರಾಗ ಎಷ್ಟ ಹುಳ ಇದ್ದಿರಬೇಕು?”

“ಸಾವಿರಗಟ್ಟಲೆ ಇದ್ದಿರಬಹುದು, ಮಾವ.”

ಗೆರೆ ತುಂಬಿದ ಆ ಅಂಗೈಯನ್ನು ನಾನೂ ಮೊದಲ ಸಲ ಕಂಡವಳಂತೆ ನೋಡುತ್ತ ನಿಂತೆ.

“ಈ ಅಂಗೈಯಾಗ ಕಣ್ಣಿಗಿ ಕಾಣದಾವ ಒಬ್ಬನೇ ಅದಾನಂತ ತಿಳ್ದಿದ್ದೆ,” ಎಂದರು ಮಾವ. ಅತ್ತೆ ಟವೆಲ್ ಚಾಚಿದರು. ಮಾವ ತೆಗೆದುಕೊಳ್ಳದೆ ಕೈಯನ್ನು ಇನ್ನೊಮ್ಮೆ ನೀರಿಗೆ ಹಿಡಿದರು.