ಪ್ರಯೂನನಿಗೆ ಕಳಿಸಿದ ಸಿಹಿ

ಬುವಾಫನ್‌ಳ ಗಂಡ ಪ್ರಯೂನ್ ಸತ್ತು ಒಂಬತ್ತು ತಿಂಗಳಾಗಿತ್ತು. ಸತ್ತ ಅನ್ನುವುದಕ್ಕಿಂತ, ಸಕ್ಕರೆ ಕಾಯಿಲೆ ಅವನನ್ನು ಕಾಲಿನಿಂದ ಶುರುಮಾಡಿ ಮೇಲಕ್ಕೆ ತಿಂದು ಮುಗಿಸಿತು ಅನ್ನಬೇಕು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಆ ವರ್ಷವೆಲ್ಲ ಅವಳು ಮನೆಯಲ್ಲಿ ಪೊಲೀಸಿನವಳ ಹಾಗೆ ಕಾವಲು ಕಾದಿದ್ದಳು. ತಾಳೆಬೆಲ್ಲದ ಡಬ್ಬಿ ಪಕ್ಕದ ಮನೆಗೆ ಹೋಯಿತು, ಅನ್ನಕ್ಕೆ ಅಳತೆಯ ಲೋಟ ಬಂತು. ತಾಳೆಬೆಲ್ಲಕ್ಕೇ ಹೆಸರಾದ ಫೆಚ್ಚಬುರಿಯಲ್ಲಿ ಹುಟ್ಟಿ, ತಾಳೆಮರ ಹತ್ತಿ ಇಳಿದೇ ಬದುಕಿದ ಗಂಡಸಿಗೆ ಸಿಹಿ ಮುಟ್ಟಬೇಡ ಅಂದರೆ ಏನು ಗತಿ ಹೇಳಿ! ಕೊನೆಯ ವಾರ ಅವನು ಒಂದೇ ಒಂದು ತುಂಡು ಮೊಕೆಂಗ್ ಕೇಳಿದ. ಮೊಟ್ಟೆ, ತೆಂಗಿನಹಾಲು, ಬೆಲ್ಲ ಕಲಸಿ ಅವಳೇ ಕೆಂಡದ ಮೇಲೆ ಬೇಯಿಸುತ್ತಿದ್ದ ಸಿಹಿ ಅದು. ಅವಳು ಕೊಡಲಿಲ್ಲ. ಗುಣವಾಗಲಿ, ತಟ್ಟೆ ತುಂಬ ಮಾಡಿಕೊಡುತ್ತೇನೆ ಅಂದಳು. ನಾಲ್ಕನೇ ದಿನಕ್ಕೆ ಅವನು ಹೋಗಿಬಿಟ್ಟ.

ಆ ಒಂದು ತುಂಡು ಅವಳ ಕರುಳು ಹಿಂಡುತ್ತಿತ್ತು. ಸತ್ತವರಿಗೆ ಏನಾದರೂ ತಲುಪಬೇಕಾದರೆ ಭಿಕ್ಷುವಿನ ಪಾತ್ರೆಗೆ ಹಾಕಬೇಕು, ಅದೂ ಅವರು ಆಸೆಪಟ್ಟದ್ದನ್ನೇ ಹಾಕಬೇಕು. ಹಾಗಾಗಿ ಅವಳು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಬರಿಗಾಲಲ್ಲಿ ಭಿಕ್ಷೆಗೆ ಬರುವ ವಿಹಾರದ ಹಿರಿಯ ಭಿಕ್ಷು ಲುವಾಂಗ್ ಪೊ ಅವರ ಪಾತ್ರೆಗೆ ಎರಡು ದಪ್ಪ ತುಂಡು ಮೊಕೆಂಗ್ ಹಾಕುತ್ತಿದ್ದಳು. ಕೊಟ್ಟದ್ದನ್ನು ಅವರು ಬೇಡ ಅನ್ನುವಂತಿಲ್ಲ. ಹಾಕಿದ ಮೇಲೆ ಎದೆ ಹಗುರಾಗುತ್ತಿತ್ತು. ಪಾಪ, ಅವನೀಗ ತಿನ್ನುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು.

ಒಂದು ದಿನ ಹೀಗೇ ಹಾಕಿ, ಆಶೀರ್ವಾದಕ್ಕೆ ಮಂಡಿಯೂರಿ ತಲೆ ಬಗ್ಗಿಸಿದಾಗ ಅವರ ಪಾದ ಕಣ್ಣಿಗೆ ಬಿತ್ತು. ಬಲಗಾಲಿನ ಎರಡು ಬೆರಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಸಂದಿಯಲ್ಲಿ ಗಾಜಿನ ಚೂರು ಚುಚ್ಚಿಕೊಂಡೇ ಇತ್ತು, ಅವರಿಗೆ ಅದರ ಪರಿವೆಯೇ ಇಲ್ಲ. ಆ ಬಣ್ಣ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ವಿಹಾರಕ್ಕೆ ಹೋಗಿ, ದೂರದಲ್ಲೇ ಕೂತು ಕೇಳಿದಳು. ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತಮ್ಮ ಅಂದರು ಲುವಾಂಗ್ ಪೊ. ನಾಳೆಯೇ ದೊಡ್ಡಾಸ್ಪತ್ರೆಗೆ ಹೊರಡಬೇಕೆಂದು ಅವಳು ಹಟ ಹಿಡಿದಳು, ಅವರು ಒಪ್ಪಿದರು. ಆಮೇಲೆ ಅವಳಿಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂತು.

"ಗೊತ್ತಿದ್ದೂ ಯಾಕೆ ತಿಂದ್ರಿ? ನಾಯಿಗಾದ್ರೂ ಹಾಕ್ಬೋದಿತ್ತಲ್ಲ."

"ಹಾಕ್ಬೋದಿತ್ತು. ನಂಗೂ ರುಚಿ ಹತ್ತಿತ್ತು ಕಣಮ್ಮ. ಸುಳ್ಳು ಯಾಕೆ ಹೇಳ್ಲಿ."

ಅವಳು ಕೇಳಲೋ ಬೇಡವೋ ಅನ್ನುವಂತೆ ಕೇಳಿದಳು, "ನಮ್ಮೋರಿಗೆ ಅದು ತಲುಪಿರುತ್ತಾ?"

"ಅದು ನಂಗೊತ್ತಿಲ್ಲ. ಅವನ ಕಾಯಿಲೆ ಮಾತ್ರ ನಂಗೆ ತಲುಪಿದೆ."

ಆಸ್ಪತ್ರೆಯಲ್ಲಿ ಎರಡೂ ಬೆರಳು ತೆಗೆದರು. ಪಾದ ಉಳಿಯುವುದೋ ಹೋಗುವುದೋ ಇನ್ನು ಊಟದ ಮೇಲಿದೆ ಅಂದರು. ಲುವಾಂಗ್ ಪೊ ವಿಹಾರಕ್ಕೆ ಮರಳುವಷ್ಟರಲ್ಲಿ ಬುವಾಫನ್ ಬೀದಿಯ ಹನ್ನೊಂದು ಮನೆಗೂ ಹೋಗಿ, ಸಿಹಿ ಹಾಕಿದವರ ಗ್ರಹಚಾರ ಬಿಡಿಸುತ್ತೇನೆ ಎಂದು ಹೇಳಿ ಬಂದಿದ್ದಳು. ದಾನಕ್ಕೂ ಇವಳ ಅಪ್ಪಣೆ ಬೇಕೇನು ಎಂದು ಕೆಲವರು ಮೂತಿ ತಿರುವಿದರು.

ಮೂರು ವಾರದ ಮೇಲೆ ಲುವಾಂಗ್ ಪೊ ಚಪ್ಪಲಿ ಹಾಕಿಕೊಂಡು, ಕೋಲೂರಿಕೊಂಡು ಬಾಗಿಲಿಗೆ ಬಂದರು. ಬುವಾಫನ್ ಬೇಯಿಸಿದ ಸೊಪ್ಪು, ಹಬೆಯಲ್ಲಿ ಬೇಯಿಸಿದ ಮೀನು, ಒಂದು ಹಿಡಿ ಕೆಂಪಕ್ಕಿ ಅನ್ನ ಹಾಕಿದಳು. ಎದೆ ಹಗುರಾಗಲಿಲ್ಲ. ಮಂಡಿಯೂರಿ, ಅವರ ಮಂತ್ರ ಮುಗಿಯುವ ಮೊದಲೇ ಗಂಡನೊಂದಿಗೆ ಮೆಲ್ಲಗೆ ಮಾತಾಡಿದಳು.

"ರೀ, ಎರಡನೇ ಸಲ ನಿಮಗೆ ಇಲ್ಲ ಅಂತಿದೀನಿ. ಹಸಿವಾದ್ರೆ ಈ ಸೊಪ್ಪೇ ತಿನ್ನಿ. ನಿಮ್ಮ ಕಾಲಂತೂ ಉಳಿಸ್ಕೊಳ್ಳೋಕಾಗ್ಲಿಲ್ಲ, ಇವರದ್ದಾದ್ರೂ ಉಳೀಲಿ."