ಬೆಳಿಗ್ಗೆ ಆರಕ್ಕೆ ನಿಂತ ಕಡಲು

ಕೆರ್ಕೆನ್ನಾ ದ್ವೀಪದಲ್ಲಿ ಕಡಲಿಗೂ ಬೇಲಿಯುಂಟು. ನೀರಲ್ಲಿ ಖರ್ಜೂರದ ಗರಿ ನೆಟ್ಟು ಮೀನು ಹಿಡಿಯುವ ಆ ಬೇಲಿ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಮೀನು ಒಳಬರುವ ಅದರ ಬಾಯಿ ತಿರುಗಿಸಬೇಕಾದರೆ ಪಕ್ಕದವನು ಹೂಂ ಅನ್ನಬೇಕು. ನೀರಿನ ಸೆಳೆತ ದಿಕ್ಕು ಬದಲಿಸಿದ ಮೇಲೆ ಮಬ್ರೂಕನ ಬೇಲಿಗೆ ಮೀನೇ ಇಲ್ಲ. ತನ್ನ ಮೀನು ಅವನ ಪಾಲಾದೀತೆಂದು ಪಕ್ಕದ ತಿಜಾನಿ ಜಪ್ಪಯ್ಯ ಅಂದರೂ ಬಾಯಿ ತಿರುಗಿಸಲು ಒಪ್ಪುತ್ತಿರಲಿಲ್ಲ. ಇವತ್ತೂ ಒಪ್ಪದಿದ್ದರೆ ಮಬ್ರೂಕ್ ದೋಣಿ ಮಾರುವವನೇ.

ಅದಕ್ಕೇ ಮಗಳು ಓಲ್ಫಾ ಕಾಫಿ ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ತಾನೇ ಪ್ರೋಗ್ರಾಮ್ ಬರೆದು ಮಾಡಿದ ಚಲಿಸುವ ಗ್ರಾಫು. ಬಾಯಿ ತಿರುಗಿಸಿದರೂ ನೀರು ಇಳಿಯುವಾಗ ಮೊದಲು ತಿಜಾನಿಯ ಬೇಲಿ ತುಂಬುತ್ತದೆ, ಅಪ್ಪನ ಸರದಿ ಆಮೇಲೆ. ಅವಳ ವಾದಕ್ಕೆಲ್ಲ ಆಧಾರ ಗ್ರಾಫಿನ ತಲೆಯಲ್ಲಿ ಸಮಯ ತೋರಿಸುವ ಗಂಟೆ.

"ಏನಮ್ಮಾ ಇದು!" ತಿಜಾನಿ ತೊಡೆ ತಟ್ಟಿ ನಕ್ಕ. "ನೀರು ಬಂತು, ಹೋಯ್ತು, ನಿನ್ನ ಗಂಟೆ ಇನ್ನೂ ಬೆಳಿಗ್ಗೆ ಆರು! ಆರಕ್ಕೇ ನಿಮ್ಮಪ್ಪ ನನ್ನ ಮೀನೆಲ್ಲ ಬಾಚ್ಕೋತಾನೆ ಅಂತ ನೀನೇ ತೋರಿಸ್ತಿದೀಯಲ್ಲೇ!"

ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದರು. ಮಬ್ರೂಕನ ಮುಖ ಸಪ್ಪಗಾಯಿತು.

ಓಲ್ಫಾ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. ತಪ್ಪೆಲ್ಲಿ ಅಂತ ಅವಳಿಗೆ ಗೊತ್ತಾಗಿತ್ತು. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡದಿರಲಿ ಎಂದು, ಚೌಕಟ್ಟಿನ ಒಳಗಿನದನ್ನಷ್ಟೇ ಮತ್ತೆ ಮತ್ತೆ ಬಿಡಿಸು ಎಂದು ಗ್ರಾಫು ಬಿಡಿಸುವ ಸಾಫ್ಟ್‌ವೇರ್ ಲೈಬ್ರರಿಗೆ ಅವಳೇ ಹೇಳಿದ್ದಳು. ಗಂಟೆ ಕೂತಿದ್ದು ಹೊರಗೆ, ಶೀರ್ಷಿಕೆಯ ಜಾಗದಲ್ಲಿ. ಅದನ್ನು ಮತ್ತೆ ಬಿಡಿಸುವವರಿಲ್ಲದೆ ಆರರಲ್ಲೇ ಉಳಿದಿತ್ತು!

"ಚಿಕ್ಕಪ್ಪಾ, ಆ ಕಾಫಿ ಮುಗಿಸೋದ್ರೊಳಗೆ ನಿನ್ನ ಬಾಯಿ ಮುಚ್ಚಿಸ್ತೀನಿ, ನೋಡ್ತಿರು."

ಗಂಟೆಯನ್ನು ಚೌಕಟ್ಟಿನೊಳಕ್ಕೆ ಎಳೆದಳು. ಪ್ರತಿ ಚಿತ್ರಕ್ಕೂ ಹೊಸದಾಗಿ ಬರೆದರೆ ಅಕ್ಷರದ ಮೇಲೆ ಅಕ್ಷರ ಕೂತು ಮಸಿಯಾದೀತು; ಹಾಗಾಗಿ ಒಂದೇ ಬರಹ ಇಟ್ಟು, ಅದರೊಳಗಿನ ಗಂಟೆಯಷ್ಟೇ ಬದಲಾಗುವಂತೆ ಮಾಡಿ ಓಡಿಸಿದಳು. ಆರು, ಏಳು, ಎಂಟು. ಎಂಟಕ್ಕೆ ತಿಜಾನಿಯ ಬೇಲಿ ತುಂಬಿತು. ಅಪ್ಪನ ಬೇಲಿಗೆ ಮೀನು ಬಂದಾಗ ಹತ್ತು.

ತಿಜಾನಿಯ ನಗು ನಿಂತಿತು. "ಇನ್ನೊಂದ್ಸಲ ಓಡ್ಸು." ಮತ್ತೆ ನೋಡಿದವನು ಪರದೆಯ ಮೇಲೆ ಬೆರಳಿಟ್ಟ. "ನನ್ನ ಬೇಲಿ ಹತ್ರ ಏನದು, ಎರಡು ಅಂತ?"

"ಎರಡನೇ ಬೇಲಿ, ಚಿಕ್ಕಪ್ಪಾ."

"ನಂಬರ್ರೇನೇ? ನಮ್ಮಪ್ಪ ಸಾಯೋವರೆಗೂ ಸೊಂಟದ ಮಟ್ಟ ನೀರಲ್ಲಿ ನಿಂತು ಗರಿ ನೆಟ್ಟ ಜಾಗ ಅದು. ಊರಿಗೂರೇ ಅಪ್ಪನ ಹೆಸರಲ್ಲೇ ಅಮೋರ್ ಬೇಲಿ ಅನ್ನುತ್ತೆ."

ಓಲ್ಫಾಳಿಗೆ ನಾಚಿಕೆಯಾಯಿತು. ಈ ದ್ವೀಪದಲ್ಲಿ ಹುಟ್ಟಿ ಕಡಲಿಗೆ ನಂಬರು ಹಾಕಿದ್ದಳು. ಅದೊಂದು ಬರಹ ಬದಲಿಸಿ ಮತ್ತೆ ಓಡಿಸಿದಳು. ಎಂಟಕ್ಕೆ ಅಮೋರನ ಬೇಲಿ ಬೆಳ್ಳಗೆ ತುಂಬಿತು.

ತಿಜಾನಿ ತೋಳಿನಿಂದ ಕಣ್ಣೊರೆಸಿಕೊಂಡ. "ಮಬ್ರೂಕಾ, ಬೇಲಿ ಬಾಯಿ ತಿರುಗಿಸೋಕೆ ಗರಿ ಯಾವಾಗ ಕಡೀತೀಯ? ನನ್ಹತ್ರ ಒಂದು ಹೊರೆ ಇದೆ, ತಗೊಂಡ್ಹೋಗು."